ತಾಯಪ್ಪನವರ ‘ಬಂದ್ ಮಾಡ್ಲೇನು?’

ಕಳೆದ ತಿಂಗಳವರೆಗೂ ತಾಯಪ್ಪನವರು ಯಾವ ಸ್ವಿಚ್ಚನ್ನೂ ತಮ್ಮೊಬ್ಬರ ಮಾತಿನ ಮೇಲೆ ಆರಿಸಿದವರಲ್ಲ. ಪುಣೆಯ ಸದಾಶಿವ ಪೇಠದ ಮೂರನೆಯ ಮಹಡಿಯ ಮನೆಯಲ್ಲಿ, ಗ್ಯಾಸಿನ ಗುಂಡಿಯ ಮೇಲೆ ಕೈಯಿಟ್ಟು, ತಿರುಗಿಸದೆ, ‘ಬಂದ್ ಮಾಡ್ಲೇನು?’ ಎಂದು ಕೇಳುತ್ತಿದ್ದರು, ಕೇಳಿ ಕಾಯುತ್ತಿದ್ದರು. ಹೆಂಡತಿ ಭಾಗ್ಯಾ ಇದ್ದಷ್ಟು ಕಾಲ ಬಾಲ್ಕನಿಯಿಂದಲೋ ದೇವರ ಕೋಣೆಯಿಂದಲೋ ‘ಹೂಂ, ಮಾಡ್ರಿ’ ಎಂಬ ಅಪ್ಪಣೆ ಬರುತ್ತಿತ್ತು. ಆಕೆ ತೀರಿಕೊಂಡು ಎರಡು ವರ್ಷವಾದರೂ ಕೇಳುವುದು ನಿಲ್ಲಲಿಲ್ಲ.

ಮೂವತ್ತು ವರ್ಷ ವಿಮಾನ ಹಾರಿಸಿದ ಜೀವ ಅದು. ಆ ಕಸುಬಿನ ಕಟ್ಟಳೆಯೇ ಹಾಗೆ: ಹಾರುತ್ತಿರುವಾಗ ಕೆಟ್ಟ ಇಂಜಿನ್ ಆರಿಸುವ ಮುನ್ನ ಒಬ್ಬ ಪೈಲಟ್ ಸ್ವಿಚ್ಚಿನ ಮೇಲೆ ಕೈಯಿಟ್ಟು ಕೇಳಬೇಕು, ಇನ್ನೊಬ್ಬ ಕಣ್ಣಾರೆ ನೋಡಿ ಹೂಂ ಎನ್ನಬೇಕು. ಈಗ ತೋಳಿನ ಚಿನ್ನದ ಪಟ್ಟಿ ಬಿಚ್ಚಿಸಿದ, ಹೊಲಿಗೆಯ ಗುರುತಷ್ಟೇ ಉಳಿದ ನೀಲಿ ಕೋಟು ತೊಟ್ಟು, ಸ್ಕೂಟರುಗಳ ಸಂತೆಯ ನಡುವೆ ಒಂದೊಂದೇ ಹೆಜ್ಜೆಯನ್ನು ವಿಚಾರಿಸಿ ಇಡುವ ಈ ಮಂದಗಮನರನ್ನು ಕಂಡು ರಿಕ್ಷಾದವರು ‘ಕಾಕಾ, ಲವ್ಕರ್!’ ಎಂದು ರೇಗುತ್ತಾರೆ. ಬೇಗ ಎಂಬ ಮಾತು ಯಾವ ಭಾಷೆಯಲ್ಲಿ ಕಿವಿಗೆ ಬಿದ್ದರೂ ತಾಯಪ್ಪನವರಿಗೆ ಮೈ ಉರಿಯುತ್ತದೆ. ಅವಸರದ ರುಚಿಯನ್ನು ಅವರು ಒಂದು ಸಲ ಕಂಡಿದ್ದಾರೆ.

ಪುಣೆಗೆ ಬರುತ್ತಿದ್ದ ವಿಮಾನ, ಒಳಗೆ ನೂರರವತ್ತು ಜನ. ಎಡಗಡೆಯ ಇಂಜಿನ್ ದಡದಡ ನಡುಗಿ ಕೈಕೊಟ್ಟಿತು. ಪಕ್ಕದ ಸೀಟಿನಲ್ಲಿದ್ದ ಕಿರಿಯ ಪೈಲಟ್ ಮೈಸೂರು ಕಡೆಯ ಹುಡುಗಿ, ಇಂಪನಾ. ವಿಮಾನವನ್ನು ಆಕೆಯ ಸುಪರ್ದಿಗೆ ಕೊಟ್ಟು, ಕೆಟ್ಟದ್ದನ್ನು ಆರಿಸಲು ಇವರು ಕೈ ಚಾಚಿದರು. ಎಚ್ಚರಿಕೆಯ ಗಂಟೆಗಳ ಗದ್ದಲ, ಮೈನಡುಗಿಸುವ ಕುಲುಕಾಟ, ಎಲ್ಲಕ್ಕಿಂತ ಮಿಗಿಲಾಗಿ ಮೂವತ್ತು ವರ್ಷದ ಅನುಭವದ ಸೊಕ್ಕು! ಕೈ ಹೋಗಿ ಕೂತದ್ದು ಬಲಗಡೆಯ ಸ್ವಿಚ್ಚಿನ ಮೇಲೆ. ಪುಣ್ಯಕ್ಕೆ ನಾಲಿಗೆ ರೂಢಿ ಬಿಡದೆ ಕೇಳಿತು: ‘ಕನ್ಫರ್ಮ್?’

ಅಷ್ಟು ಹೊತ್ತೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಕನ್ನಡದಲ್ಲಿ ಚೀರಿದಳು: ‘ಅಯ್ಯೋ, ಅಲ್ಲ ಸರ್! ಅದು ಚೆನ್ನಾಗಿರೋ ಇಂಜಿನ್!’

ಕೈ ತೆಗೆದರು. ಎಡಗಡೆಯದರ ಮೇಲಿಟ್ಟು ಮತ್ತೆ ಕೇಳಿದರು, ಆಕೆ ಹೂಂ ಎಂದ ಮೇಲೆ ಆರಿಸಿದರು. ಉಳಿದ ಒಂದೇ ಇಂಜಿನ್ನಿನ ಮೇಲೆ ವಿಮಾನ ಕ್ಷೇಮವಾಗಿ ಇಳಿಯಿತು. ಇಳಿದ ಜನ ತಡವಾಯಿತೆಂದು ಗೊಣಗುತ್ತ ಬ್ಯಾಗು ಹುಡುಕಿಕೊಂಡು ಹೋದರು.

ಕಂಪನಿ ಸನ್ಮಾನದ ದಿನ ಗೊತ್ತುಮಾಡಿತು. ಬಾಯಿಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದಿದ್ದರೆ ಹಾರ ಕೊರಳಿಗೆ ಬೀಳುತ್ತಿತ್ತು. ಈ ಪುಣ್ಯಾತ್ಮ ವರದಿಯ ಮೊದಲ ಸಾಲಿನಲ್ಲೇ, ‘ನನ್ನ ಕೈ ತಪ್ಪು ಸ್ವಿಚ್ಚಿನ ಮೇಲಿತ್ತು, ಉಳಿಸಿದವಳು ಇಂಪನಾ’ ಎಂದು ಬರೆದರು. ಸನ್ಮಾನ ರದ್ದಾಯಿತು, ಅದೇ ವರ್ಷ ತಾವಾಗಿಯೇ ಕೆಲಸ ಬಿಟ್ಟರು.

‘ನಿಮಗ ಯಾರ್ ಕೇಳಿದ್ರು, ಬರೀರಿ ಅಂತ?’ ಎಂದು ಭಾಗ್ಯಾ ಅತ್ತರು.

‘ನಾ ಕೇಳ್ದೆ, ಆಕಿ ಹೇಳಿದ್ಲು. ಅಷ್ಟ ಬರ್ದೀನಿ’ ಎಂದರು ತಾಯಪ್ಪ.

ಭಾಗ್ಯಾ ಹೋದಮೇಲೆ ‘ಬಂದ್ ಮಾಡ್ಲೇನು?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವಳು ಮನೆಗೆಲಸದ ಯಮನವ್ವ. ಯಾದಗಿರಿ ಕಡೆಯವಳು, ಎರಡೂ ಹೊತ್ತು ಬರುವವಳು. ಸಾಹೇಬರಿಗೆ ಅರುಳುಮರುಳು ಎಂದುಕೊಂಡೇ ಹೂಂ ಎನ್ನುತ್ತಿದ್ದಳು. ಒಮ್ಮೆ ಮಾತ್ರ, ‘ತಡೀರಿ ಸಾಹೇಬ್ರ, ಅನ್ನ ಇನ್ನಾ ಬೆಂದಿಲ್ಲ!’ ಎಂದು ಗದರಿದಳು. ಅಂದು ತಾಯಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಎರಡು ತುತ್ತು ಹೆಚ್ಚಿಗೆ ಉಂಡರು.

ಕಳೆದ ತಿಂಗಳು ಅವಳ ಗಂಡನಿಗೆ ಊರಿಂದ ದೂರದ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ‘ಹೋಗಿ ಬರ್ತೀನ್ರಿ, ಗ್ಯಾಸ್ ನೋಡ್ಕೋರಿ’ ಎಂದು ಹೊರಟಳು. ಆ ಸಂಜೆ ಹಾಲು ಕಾಯಲಿಟ್ಟು, ಗುಂಡಿಯ ಮೇಲೆ ಕೈಯಿಟ್ಟು, ಅವರು ಕೇಳಿದರು. ಕಾದರು. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕೇಳಿದರು. ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಆಗ, ಕದ್ದವರಂತೆ ಅತ್ತಿತ್ತ ನೋಡಿ, ತಾವೊಬ್ಬರೇ ಗುಂಡಿ ತಿರುಗಿಸಿದರು.

ತಮ್ಮ ಕೈಯೂ ತಪ್ಪೀತೆಂದು ಬಲ್ಲವರ ಕುಲ ದೊಡ್ಡದಲ್ಲ. ಹೊಗಳಿಕೆ ಅವರಿಗೆ ಬೇಕಿಲ್ಲ, ಹಾರವಂತೂ ಬೇಡವೇ ಬೇಡ. ತಾವು ಕೇಳಿದಾಗ ‘ಅಲ್ಲ’ ಎನ್ನಬಲ್ಲ ಒಂದು ದನಿ ಅಕ್ಕಪಕ್ಕದಲ್ಲಿದ್ದರೆ ಸಾಕು. ಹೂಂಗುಟ್ಟುವವರು ಲೋಕದಲ್ಲಿ ಬೇಕಾದಷ್ಟು ಸಿಗುತ್ತಾರೆ. ಅಲ್ಲ ಎನ್ನುವವರು ಹೊರಟುಹೋದ ಮನೆಯಲ್ಲೇ ಮನುಷ್ಯ ನಿಜವಾಗಿ ಒಂಟಿಯಾಗುತ್ತಾನೆ.