ಕಲ್ಲುದೊರೆಯ ಒಳಗಿನವನು

ಇಡ್ವಲ್ ಪ್ರಾಸರ್ ಇಪ್ಪತ್ತೆರಡು ವರ್ಷ ಟೀವಿಯಲ್ಲಿ ಬಂದ. ಅವನ ಮುಖ ಮಾತ್ರ ಒಂದು ದಿನವೂ ಬರಲಿಲ್ಲ. ‘ದೂರದ ದಡ’ ಎಂಬ ಬಾಹ್ಯಾಕಾಶದ ಧಾರಾವಾಹಿಯಲ್ಲಿ ಮಕ್ಕಳ ನಿದ್ದೆಗೆಡಿಸಿದ ಕಲ್ಲುದೊರೆ ಇವನೇ ಎಂದರೆ, ಕಾರ್ಡಿಫ್‌ನ ಅವನ ಬೀದಿಯ ಚಿಪ್ಸ್ ಅಂಗಡಿಯವನೇ ನಂಬುತ್ತಿರಲಿಲ್ಲ. “ನೀನಾ? ಹಾಗಾದ್ರೆ ನಾನು ರಾಣಿಯ ಚಿಕ್ಕಪ್ಪ ಬಿಡು,” ಎಂದು ಉಪ್ಪು ಉದುರಿಸುತ್ತಿದ್ದ.

ದೊರೆಯ ವೇಷಕ್ಕೆ ಅವನು ತೊಡುತ್ತಿದ್ದ ರಬ್ಬರಿನ ತಲೆ ಒಂಬತ್ತು ಕಿಲೋ. ಕಂಠವೂ ಅವನದಲ್ಲ, ಲಂಡನ್ನಿನ ಯಾವನೋ ಗಡಸು ದನಿಯವನು ಆಮೇಲೆ ಸೇರಿಸುತ್ತಿದ್ದ. ಹಾಗಾಗಿ ಒಳಗೆ ಇವನು ಏನು ಹೇಳಿದರೂ ನಡೆಯುತ್ತಿತ್ತು. ಕಲ್ಲುದೊರೆ ಗ್ರಹಗಳನ್ನು ಪುಡಿಮಾಡುವ ಶಪಥ ಮಾಡುವಾಗ ಇಡ್ವಲ್ ಅದೇ ಗತ್ತಿನಲ್ಲಿ ಮನೆಗೆ ತರಬೇಕಾದ ಸಾಮಾನು ಒಪ್ಪಿಸುತ್ತಿದ್ದ: ಲೀಕ್ ಈರುಳ್ಳಿ, ಬೇಕನ್, ಬೆಕ್ಕಿಗೆ ಮೀನು. ಹೊರಗೆ ಕೇಳುತ್ತಿದ್ದುದು ಬರೀ ಗೊಣಗೊಣ. ಒಳಗೆ ಉಸಿರುಕಟ್ಟಿದರೆ ತಿಳಿಯಲೆಂದು, ತಲೆ ತೊಡಿಸುವ ಮೆರಿಯಲ್‌ಳ ಕಿವಿಗೆ ಮಾತ್ರ ಒಳಗಿನ ಮೈಕಿನಿಂದ ಒಂದು ತಂತಿ ಇತ್ತು.

ರಬ್ಬರಿನೊಳಗಿನ ಸೆಕೆಯನ್ನೆಲ್ಲ ಅವನು ಸಹಿಸಿದ್ದು ಒಂದೇ ಒಂದು ಮಾತಿನ ಮೇಲೆ. ಕತೆಯ ಚುಕ್ಕಾಣಿ ಹಿಡಿದಿದ್ದ ಗ್ಲೆನಿಸ್ ಹೇಳಿದ್ದಳು: “ನಿನ್ನ ಕೊನೇ ಕಂತಲ್ಲಿ ದೊರೆ ಮುಖವಾಡ ಕಳಚ್ತಾನೆ. ಒಳಗೆ ನಿನ್ನ ಮುಖಾನೇ ಇರುತ್ತೆ. ಅಲ್ಲೀವರೆಗೂ ತಡ್ಕೋ ಮಾರಾಯ.” ಈ ವರ್ಷ ಅವನ ಮಂಡಿಗಳು ಕೈಕೊಟ್ಟವು, ಇದೇ ಕೊನೆಯ ವರ್ಷವೆಂದು ಬರೆದುಕೊಟ್ಟ. ಅದೇ ವಸಂತದಲ್ಲಿ ಚಾನೆಲ್ಲಿನವರು ಗ್ಲೆನಿಸ್‌ಳನ್ನು ಮನೆಗೆ ಕಳಿಸಿ ಕ್ಯಾಲಮ್ ಹೆಸ್ಲಪ್‌ನನ್ನು ತಂದು ಕೂರಿಸಿದರು. ಹುಡುಗನಿಗೆ ಮೂವತ್ತನಾಲ್ಕು. ಬಂದವನೇ ಕೊನೆಯ ಕಂತನ್ನು ಹೊಸದಾಗಿ ಬರೆದ. ಮುಖವಾಡ ಕಳಚುವ ದೃಶ್ಯ ಅದರಲ್ಲಿ ಇರಲಿಲ್ಲ.

“ಹೋಗಿ ಕೇಳು. ಬಾಯಿ ಇಲ್ವಾ ನಿಂಗೆ?” ಎಂದು ಮೆರಿಯಲ್ ಅವನನ್ನು ಅಟ್ಟಿದಳು.

ಕ್ಯಾಲಮ್‌ನ ಮೇಜಿನ ಹಿಂದೆ ಬಣ್ಣದ ಕಡ್ಡಿಯಲ್ಲಿ ಬರೆದು ಚೌಕಟ್ಟು ಹಾಕಿದ ಒಂದು ಚಿತ್ರ ಇತ್ತು. ಕಲ್ಲುದೊರೆಯೇ, ವಕ್ರವಕ್ರ.

“ಹನ್ನೆರಡು ವರ್ಷದವನಿದ್ದಾಗ ಬರೆದಿದ್ದು,” ಎಂದ ಕ್ಯಾಲಮ್, ಮಗುವಿನಂತೆ. “ಅಪ್ಪ ಬಿಟ್ಟುಹೋದ ವರ್ಷ. ಆವತ್ತಿಂದ ನಂಗೆ ಧೈರ್ಯ ಅಂದ್ರೆ ಅವನೇ.”

“ಸಂತೋಷ ಕಣಪ್ಪ. ಆದ್ರೆ ಗ್ಲೆನಿಸ್ ನಂಗೆ ಮಾತು ಕೊಟ್ಟಿದ್ಲು. ಕೊನೇಲಿ ನನ್ನ ಮುಖ...”

“ಗೊತ್ತು, ಅವಳು ಬರೆದಿದ್ದನ್ನ ಓದ್ದೆ. ಆಗಲ್ಲ. ಒಳಗೊಬ್ಬ ಮನುಷ್ಯ ಇದಾನೆ ಅಂತ ತೋರಿಸಿದ್ರೆ ದೊರೆ ಸತ್ತ ಹಾಗೇ ಅಲ್ವಾ?”

“ಅಯ್ಯೋ, ಒಳಗೊಬ್ಬ ಮನುಷ್ಯ ಇದಾನಲ್ಲಯ್ಯಾ!”

“ನನ್ನ ಮಟ್ಟಿಗೆ ಇಲ್ಲ,” ಎಂದ ಕ್ಯಾಲಮ್. ಅವನ ಕಣ್ಣು ನಿಜಕ್ಕೂ ತುಂಬಿತ್ತು. ಕೊಬ್ಬಿನವನಾಗಿದ್ದರೆ ಬೈದಾದರೂ ಬರಬಹುದಿತ್ತು. ಈ ಪ್ರೀತಿಯನ್ನು ಏನು ಮಾಡುವುದು? ಇಡ್ವಲ್‌ಗೆ ಮೈಯೆಲ್ಲ ಉರಿದುಹೋಯಿತು.

ಕೊನೆಯ ದೃಶ್ಯ ಶುಕ್ರವಾರ ಮಧ್ಯಾಹ್ನ. ಕಲ್ಲುದೊರೆ ಬಂಡೆಯ ಮೇಲೆ ಒಬ್ಬನೇ ನಿಂತು ನಕ್ಷತ್ರಗಳಿಗೆ ವಿದಾಯ ಹೇಳಬೇಕು. ಮೆರಿಯಲ್ ತಲೆ ತೊಡಿಸಿ ತಿರುಪು ಬಿಗಿದಳು. ‘ಆ್ಯಕ್ಷನ್’ ಎಂದರು.

ಅಂದು ಲೀಕೂ ಇಲ್ಲ, ಬೇಕನ್ನೂ ಇಲ್ಲ.

“ನಾನು ಇಡ್ವಲ್ ಪ್ರಾಸರ್!” ಎಂದು ಅವನು ಕ್ಯಾಮೆರಾದ ಹಿಂದೆ ನಿಂತಿದ್ದ ಕ್ಯಾಲಮ್‌ನತ್ತ ಎರಡೂ ಕೈ ಮೇಲೆತ್ತಿದ. “ನಿನ್ನ ಧೈರ್ಯ ನಾನು ಕಣೋ, ಪೆದ್ದಾ! ಅಪ್ಪ ಬಿಟ್ಟುಹೋದ ವರ್ಷ ನಿನ್ನ ಜೊತೆ ಇದ್ದದ್ದು ಈ ರಬ್ಬರಲ್ಲ, ನಾನು! ನನ್ನ ಬೆವರು, ನನ್ನ ಮಂಡಿ! ಒಂದೇ ಒಂದು ಸಲ ನನ್ನ ಮುಖ ನೋಡೋ!” ಬೈದು ಬೈದು ದನಿ ಬಿತ್ತು. ಮಂಡಿ ಕುಸಿದು ಬಂಡೆಯ ಮೇಲೆ ಕೂತುಬಿಟ್ಟ. ಭಾರದ ತಲೆ ತಾನೇ ಎದೆಗೆ ಬಾಗಿತು.

‘ಕಟ್’ ಎಂದರು. ಮೆರಿಯಲ್ ಕಿವಿಯ ತಂತಿ ಕಿತ್ತು ಮೂಗು ಒರೆಸಿಕೊಂಡು, ಓಡಿಬಂದು ತಿರುಪು ಬಿಚ್ಚಿ ತಲೆಯನ್ನು ಎತ್ತಿದಳು. ಒಳಗಿಂದ ಕೆಂಪಾದ, ಒದ್ದೆಯಾದ ಒಂದು ಮುದಿಮುಖ ಹೊರಬಂತು.

ಕ್ಯಾಲಮ್ ಅಳುತ್ತಲೇ ಬಂದು, ಮೆರಿಯಲ್‌ಳ ಕೈಯಲ್ಲಿದ್ದ ರಬ್ಬರಿನ ತಲೆಯನ್ನು ಬಾಚಿ ತಬ್ಬಿಕೊಂಡ.

“ನೋಡಿದ್ರಾ? ಇಪ್ಪತ್ತೆರಡು ವರ್ಷದಲ್ಲಿ ಇಂಥದ್ದು ಬಂದಿರಲಿಲ್ಲ! ಒಂದು ಮಾತೂ ಕೇಳಿಸದೆ ಎಲ್ಲಾ ಅರ್ಥ ಆಯ್ತು!” ಎಂದು ಅದರ ಕೆನ್ನೆ ತಟ್ಟಿದ. “ಇದಕ್ಕೇ ನಾನು ಹೇಳಿದ್ದು, ಇದನ್ನ ಕಳಚಬಾರದು ಅಂತ.”