ಹನ್ನೊಂದನೇ ನಂಬರಿನ ಶೂ

ಟ್ರಯಲ್ಸ್ ನಾಲ್ಕು ಗಂಟೆಗೆ. ಎರಡು ದಾಟಿದರೂ ಏಣಿ ಶೂ ಅಂಗಡಿಯ ಬೆಂಚು ಬಿಟ್ಟು ಎದ್ದಿರಲಿಲ್ಲ. ಏಣಿ ಅನ್ನುವುದು ಅವಳ ಎತ್ತರ ನೋಡಿ ತಂಡದವರು ಇಟ್ಟ ಹೆಸರು. ಈಗ ಮನೆಯಲ್ಲೂ ಅದೇ. ಬೆಳಿಗ್ಗೆಯ ಅಭ್ಯಾಸದಲ್ಲಿ ಹಳೇ ಶೂವಿನ ಅಟ್ಟೆ ಬಾಯಿ ಬಿಟ್ಟಿತ್ತು. ಇವತ್ತು ಆಯ್ಕೆಯಾದರೆ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡ, ಜೊತೆಗೆ ಅಲ್ಲೇ ಕೆಲಸ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ.

ಎದುರಿಗೆ ಎರಡು ಜೋಡಿ. ಒಂದು ಬೂದು ಬಣ್ಣದ್ದು, ಮೆತ್ತಗೆ, ಹಲ್ಲುನೋವಿಗೆ ಊದಿದ ಕೆನ್ನೆಯ ಹಾಗೆ. ಇನ್ನೊಂದು ಬಿಳಿ-ಕೆಂಪಿನ ರೆಟ್ರೋ: ನಲವತ್ತು ವರ್ಷದ ಹಿಂದಿನ ಆಟಗಾರರ ಮಾದರಿ, ಕಾಲಿನ ಗಿಣ್ಣು ಮುಚ್ಚುವಷ್ಟು ಎತ್ತರ, ಚಪ್ಪಟೆ ರಬ್ಬರು ತಳ.

"ಬೂದಿದು ತಗೊಳ್ಳೇ," ಅಂದಳು ಅಕ್ಕ. ಅವಳು ನರ್ಸು, ದಿನವಿಡೀ ನಿಂತೇ ದುಡಿಯುವವಳು.

"ಅದಾ? ಅಜ್ಜಿ ವಾಕಿಂಗ್ ಹೊರಟ ಹಾಗಿರುತ್ತೆ."

"ಅಜ್ಜಿ ಮಂಡಿಯಾದ್ರೂ ಉಳಿಯುತ್ತೆ."

"ಹೋದ್ಸಲ ಸೆಲೆಕ್ಟರು ನನ್ನ ಹಳೇ ಶೂ ನೋಡಿ ನಕ್ಕಿದ್ರು. ನಿಂಗೇನು ಗೊತ್ತು?"

"ಶೂ ನೋಡಿ ಕೆಲಸ ಕೊಡೋದಾದ್ರೆ ನೀನ್ಯಾಕೆ ಹೋಗ್ಬೇಕು? ಶೂ ಡಬ್ಬೀನೇ ಕಳಿಸು."

ಏಣಿ ರೆಟ್ರೋ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ಒಮ್ಮೆ ಹಾರಿದಳು. ಧಡ್ ಎಂದಿತು, ಏಟು ಮಂಡಿಯವರೆಗೂ ಬಂತು.

"ಕೇಳಿಸ್ತಾ?" ಅಂದಳು ಅಕ್ಕ.

"ಇಲ್ಲ."

"ಹಾಕ್ತಾ ಹಾಕ್ತಾ ಮೆತ್ತಗಾಗುತ್ತೆ ಮೇಡಂ," ಅಂದ ಅಂಗಡಿಯವನು. ಅದನ್ನೇ ಕಟ್ಟಿಸಿಕೊಂಡು ಹೊರಟರು.

ತಪ್ಪು ಗೊತ್ತಾದದ್ದು ಅಂಕಣದ ಮೆಟ್ಟಿಲ ಮೇಲೆ. ಎರಡು ವರ್ಷದ ಹಿಂದೆ ಬಲಗಾಲು ಉಳುಕಿದಾಗಿನಿಂದ ಏಣಿ ಗಿಣ್ಣಿಗೆ ಟೇಪು ಸುತ್ತದೆ ಆಡಿದವಳಲ್ಲ. ಅಂಗಡಿಯಲ್ಲಿ ಶೂ ಹಾಕಿ ನೋಡಿದ್ದು ಬರೀ ತೆಳು ಸಾಕ್ಸಿನ ಮೇಲೆ. ಟೇಪು ಸುತ್ತಿದ ಕಾಲು ಈಗ ಅರ್ಧಕ್ಕೇ ಸಿಕ್ಕಿಕೊಂಡಿತು. ಟೇಪು ಬಿಚ್ಚಿದರೆ ಗಿಣ್ಣು ಯಾವ ಕ್ಷಣ ಮಗುಚುತ್ತದೋ ಹೇಳುವಂತಿರಲಿಲ್ಲ. ಅವಳು ಶೂವಿನೊಳಕ್ಕೆ ಕೈ ಹಾಕಿ ಅಡಿಯ ಮೆತ್ತೆಯನ್ನೇ ಎಳೆದುಹಾಕಿದಳು.

"ಲೇ, ಇರೋ ಒಂದು ಮೆತ್ತೆನೂ ಕಿತ್ತ್ಯಾ?" ಅಂದಳು ಅಕ್ಕ.

"ಸುಮ್ನಿರೇ!"

ಕಾಲು ಒಳಗೆ ಹೋಯಿತು. ಲಾಡಿ ಬಿಗಿದು, ಬೆನ್ನಿಗೆ ಹನ್ನೊಂದನೇ ನಂಬರು ಹಾಕಿಕೊಂಡು ಅಂಕಣಕ್ಕೆ ಇಳಿದಳು.

ಮೊದಲನೇ ಸಲ ಹಾರಿ ಚೆಂಡು ಹಿಡಿದಳು. ಇಳಿದಾಗ ಹಿಮ್ಮಡಿಗೆ ಸುತ್ತಿಗೆಯಲ್ಲಿ ಬಡಿದಂತಾಯಿತು. ಮೂರನೇ ಸಲಕ್ಕೆ ಕಣ್ಣು ಕತ್ತಲೆ ಬಂತು. ಆಮೇಲೆ ಕಾಲು ಅವಳ ಮಾತು ಕೇಳಲಿಲ್ಲ. ಅವಳಿಗಿಂತ ಗೇಣುದ್ದ ಕುಳ್ಳಗಿದ್ದ ಒಂಬತ್ತನೇ ನಂಬರಿನ ಹುಡುಗಿ ಅವಳ ತಲೆಯ ಮೇಲಿಂದ ಚೆಂಡು ಕಸಿದುಕೊಂಡಳು.

"ಹನ್ನೊಂದು! ಯಾಕಮ್ಮ ನೆಲಕ್ಕೆ ಅಂಟ್ಕೊಂಡಿದ್ದೀಯ?" ಸೆಲೆಕ್ಟರು ಕೂಗಿದರು. ಅವರ ಕಣ್ಣು ಕೈಯಲ್ಲಿದ್ದ ಹಾಳೆಯ ಮೇಲಿತ್ತು. ಶೂ ನೋಡಲೇ ಇಲ್ಲ.

"ಹಾರ್ತೀನಿ ಸಾರ್."

ಹಾರಿದಳು. ಚೆಂಡು ಬೆರಳಿಗೆ ತಾಗಿತು. ಇಳಿಯುವ ಭಯಕ್ಕೆ ಎಡಗಾಲು ಮುಂದೆ ಚಾಚಿ ವಾಲಿದಳು. ಚೆಂಡು ಗೆರೆ ದಾಟಿ ಉರುಳಿತು.

ಎರಡನೇ ಸುತ್ತಿಗೆ ಓದಿದ ನಂಬರುಗಳಲ್ಲಿ ಹನ್ನೊಂದು ಇರಲಿಲ್ಲ. ಅಕ್ಕ ಅವಳ ಚೀಲ ಎತ್ತಿಕೊಂಡಳು.

ಒಂಬತ್ತನೇ ನಂಬರಿನವಳು ಓಡಿ ಬಂದಳು. "ಶೂ ಸಖತ್ತಾಗಿದೆ ಕಣೇ! ಎಲ್ಲಿ ತಗೊಂಡೆ?"

ಏಣಿ ಅಂಗಡಿಯ ದಾರಿ ಹೇಳಿದಳು.