ಕಂಬಳಿ ಹೊದಿಸಿದ ಲಾರಿ

ನನ್ನ ಗಂಡ, ಮಠದ ಮನೆತನದ ಮಹಾಂತಯ್ಯ, ಬರ್ಮಾ ಯುದ್ಧದಿಂದ ಹಿಂದಿರುಗಿದಾಗ ನನಗೊಂದು ಸಮಾಧಾನವಿತ್ತು. ಅವರು ಅಲ್ಲಿ ಸೇತುವೆ ಕಟ್ಟಿದವರು, ಯಾರ ಮೇಲೂ ಗುಂಡು ಹಾರಿಸಿದವರಲ್ಲ. ಸೈನ್ಯದ ಇಂಜಿನಿಯರ್ ಎಂದು ನಮ್ಮ ಮಕ್ತಲದಲ್ಲಿ ಜನ ಎದ್ದು ನಿಲ್ಲುತ್ತಿದ್ದರು. ಆದರೆ ಕೆಲಸ ಮಾತ್ರ ಯಾರೂ ಕೊಡಲಿಲ್ಲ. ಕೊನೆಗೆ ಕೊಟ್ಟವನು ಗುತ್ತೇದಾರ ಸಾಯಣ್ಣ.

ಸಾಯಣ್ಣ ಸೇಂದಿ ಗುತ್ತಿಗೆಯಲ್ಲಿ ಬೆಳೆದು, ಲೇವಿ ಜೋಳಕ್ಕೆ ಕೈ ಹಾಕಿದವನು. ರೈತರಿಂದ ಸರ್ಕಾರಕ್ಕೆ ಸಲ್ಲಬೇಕಾದ ಪಾಲಿನ ಹೆಸರು ಹೇಳಿ ಅದರ ಎರಡರಷ್ಟನ್ನು ಬಂದೂಕಿನವರನ್ನು ಮುಂದಿಟ್ಟುಕೊಂಡು ಎತ್ತುತ್ತಿದ್ದ. ಹಿಂದಿನ ಸುಗ್ಗಿಯಲ್ಲಿ ಮಾಗನೂರಿನ ಕುರುಬರು ಕವಣೆಯಲ್ಲಿ ಕಲ್ಲು ಬೀಸಿ ಅವನ ಲಾರಿಯನ್ನು ಹಿಮ್ಮೆಟ್ಟಿಸಿದ್ದರು. ಈ ಸಂಗತಿ ನನಗೆ ತಿಳಿದದ್ದು ತಡವಾಗಿ, ಲಾರಿಯ ಕೆಲಸ ಅರ್ಧ ಮುಗಿದ ಮೇಲೆ. ಮನೆಯಲ್ಲಿ ನನ್ನ ಗಂಡ ಹೇಳಿದ್ದೇ ಬೇರೆ.

"ನಾರಾಯಣಪೇಟಿ ಹಾದ್ಯಾಗ ಕಳ್ಳರು ಸೀರಿ ವ್ಯಾಪಾರಿಗಳನ್ನ ದೋಚಾಕ ಹತ್ಯಾರ. ವ್ಯಾಪಾರಿಗಳಿಗೊಂದು ಗಟ್ಟಿ ಬಸ್ಸು ಮಾಡಬೇಕು. ಗ್ವಾಡಿ ಕಟ್ಟೂದು ತಪ್ಪೇನ?"

ಮುಚ್ಚಿಹೋಗಿದ್ದ ಹತ್ತಿ ಜಿನ್ನಿನ ಅಂಗಳ ಅವರ ಕಾರ್ಖಾನೆಯಾಯಿತು. ಜಿನ್ನಿನ ಹಳೆಯ ಬಾಯ್ಲರನ್ನು ಸೀಳಿ ತಗಡು ತೆಗೆದು ಸಾಯಣ್ಣನ ಲಾರಿಗೆ ಗೋಡೆ ಕಟ್ಟಿದರು. ಮೊಳೆಗಳು ಗದ್ವಾಲದಿಂದ ಹರಗೋಲಿನಲ್ಲಿ ಕೃಷ್ಣೆ ದಾಟಿ ಬಂದವು. ಕಬ್ಬಿಣಕ್ಕೆ ಹೊರಗಿನಿಂದ ಪೆಟ್ಟು ಬಿದ್ದರೆ ಒಳಗೆ ಚೂರು ಸಿಡಿಯುತ್ತದೆಂದು ಅವರು ಬರ್ಮಾದಲ್ಲಿ ಕಲಿತಿದ್ದರು. ಅದಕ್ಕೆ ಒಳಮೈಗೆಲ್ಲ ಕುರಿಯುಣ್ಣೆಯ ಕಂಬಳಿ ಹೊಲಿಸಿದರು. ನಮ್ಮ ಕಡೆ ಕಂಬಳಿ ಬಿರುಸಾಗಲೆಂದು ಹುಣಸೆಬೀಜದ ಗಂಜಿ ಬಳಿಯುತ್ತಾರೆ. ಬಿಸಿಲಿಗೆ ಕಾದ ಆ ಪೆಟ್ಟಿಗೆಯೊಳಗೆ ಗಂಜಿ ಬೆವೆತು ಹುಳಿತು, ಉಣ್ಣೆಯ ಜಿಡ್ಡಿನ ಜೊತೆ ಸೇರಿ ಗಬ್ಬು ನಾತ ಹೊಡೆಯುತ್ತಿತ್ತು. ಅದೇ ನಾತದ ಕೈಯಲ್ಲಿ ಅವರು ರೊಟ್ಟಿ ಮುರಿಯುತ್ತಿದ್ದರು. ಹಸಿವು ಚೆನ್ನಾಗಿತ್ತು. ಬರ್ಮಾದಿಂದ ಬಂದಮೇಲೆ ಅವರು ಇಷ್ಟು ರುಚಿಯಾಗಿ ಉಂಡದ್ದನ್ನು ನಾನು ಕಂಡಿರಲಿಲ್ಲ.

ಒಂದು ದಿನ ಬುತ್ತಿ ಕೊಂಡೊಯ್ದಾಗ ನನ್ನನ್ನು ಬೇವಿನ ಮರದ ಬುಡದಲ್ಲಿ ನಿಲ್ಲಿಸಿದರು. ತಾವು ಲಾರಿಯೊಳಗೆ ಕೂತು ಕೋಲು ಚಾಚಿದರು.

"ನೆಟ್ಟಗ ನಿಂದ್ರು. ಕತ್ತು ಬಗ್ಗಿಸಬ್ಯಾಡ."

"ಯಾಕ್ರೀ?"

"ಕಿಡಕಿ ಎಷ್ಟು ಎತ್ತರ ಇರಬೇಕಂತ ನೋಡಾಕ."

ನಾನು ನಿಂತೆ. ಒಳಗೆ ಸೀಮೆಸುಣ್ಣ ಗೀರಿದ ಸದ್ದು ಕೇಳಿತು. ಮರುವಾರ ಹೋದಾಗ ಕಿಟಕಿ ಇರಲಿಲ್ಲ. ಎರಡೂ ಮಗ್ಗುಲಲ್ಲಿ ಉದ್ದಕ್ಕೆ ಕೊರೆದ ಸಪೂರ ಕಂಡಿಗಳಿದ್ದವು. ಅವುಗಳಲ್ಲಿ ಪ್ರಯಾಣಿಕನ ಬೆರಳು ತೂರುತ್ತಿತ್ತು, ಮುಖ ಕಾಣುವಂತಿರಲಿಲ್ಲ.

ಸಾಯಣ್ಣ ಅಲ್ಲೇ ಕುರ್ಚಿ ಹಾಕಿಸಿಕೊಂಡು ಎಲೆ ಅಡಿಕೆ ಜಗಿಯುತ್ತಿದ್ದ. "ಅಯ್ನೋರು ಮಠ ಬಿಟ್ಟು ಕಬ್ಬಿಣದ ಗುಡಿ ಕಟ್ಯಾರ, ಅಮ್ಮೋರೆ," ಎಂದ. "ಅಮಾಸಿ ಮುಗೀಲಿ. ಮೊದಲನೇ ಪೂಜಿ ಮಾಗನೂರಾಗ." ನಕ್ಕು, ನನ್ನ ಗಂಡ ಅದೇ ತಾನೆ ಒರೆಸಿದ್ದ ತಗಡಿನ ಮೇಲೆ ಉಗುಳಿದ. ನನ್ನ ಗಂಡ ಅರಿವೆ ತೆಗೆದುಕೊಂಡು ಆ ಕೆಂಪನ್ನು ಒರೆಸಿದರು.

ಮಾಗನೂರಿನ ಅಮರಮ್ಮ ಬಂದದ್ದು ಆ ಹೊತ್ತಿಗೇ. ಕಂಬಳಿ ನೇದವರು ಅವಳ ಮನೆಯವರು. ಬಂಡಿ ಇಳಿದು, ನೆಲ ಮುಟ್ಟಿ ನಮಸ್ಕರಿಸಿ ಕೇಳಿದಳು: "ಅಯ್ನೋರೆ, ನಿಮ್ಮ ಆಳು ಮಾರಾಕ ಇಟ್ಟ ಕಂಬಳಿಗಳ ಜೊತಿಗೆ ನಮ್ಮ ದೇವರ ಜಗಲಿ ಮ್ಯಾಗಿಂದೂ ತಂದಾನ. ಅದು ಬೀರಪ್ಪನ ಗದ್ದಿಗಿ ಕಂಬಳಿರಿ. ನಮ್ಮ ಮನಿ ಲಗ್ನಕ್ಕ, ಆಣಿ ಮಾಡಾಕ, ಎಲ್ಲಾಕ್ಕೂ ಅದನ್ನ ಹಾಸತೀವಿ. ಕಾಲು ತಾಗಿಸಂಗಿಲ್ಲ. ಕೊಟ್ಟಬಿಡ್ರಿ."

"ಗುರುತೇನು?"

"ಕರೀ ಕಂಬಳಿ, ಬಿಳೀ ಅಂಚು. ಅಂಚಿನ ತುಂಬ ಭಂಡಾರ ಹತ್ತೈತಿ."

ಲಾರಿ ಓಡಿಸಲು ಗೊತ್ತು ಮಾಡಿದ್ದ ಯಲ್ಲಯ್ಯ ಆಗ ಒಳಗಿದ್ದ. ಅವನೂ ಬೀರಪ್ಪನ ಒಕ್ಕಲು. ಗೋಡೆಗೆ ಹೊಲಿದ ಅರಿಶಿನದ ಅಂಚು ಕಣ್ಣಿಗೆ ಬಿದ್ದದ್ದೇ ಹೊರಗೆ ಜಿಗಿದು, ಚಪ್ಪಲಿ ಕಳಚಿ, ಗಲ್ಲ ಬಡಿದುಕೊಂಡ.

"ನಾ ಇದರಾಗ ಕಾಲಿಡಂಗಿಲ್ರಿ."

"ಅದನ್ನ ಬಿಚ್ಚಿದ್ರ?" ನನ್ನ ಗಂಡ ಕೇಳಿದರು.

"ಬಿಚ್ಚಿದ್ರ ನೋಡೋಣ್ರಿ."

ಒಂದು ಕ್ಷಣ ನನ್ನಲ್ಲಿ ಆಸೆ ಹುಟ್ಟಿತು. ಇವನೊಬ್ಬ ಹತ್ತದಿದ್ದರೆ ಲಾರಿ ನಿಲ್ಲುತ್ತದೆ. ಆದರೆ ನನ್ನ ಗಂಡನ ಮುಖದಲ್ಲಿ ಕೆಟ್ಟ ಮೊಳೆಯೊಂದನ್ನು ಬದಲಿಸುವ ಶ್ರದ್ಧೆಯಷ್ಟೇ ಇತ್ತು. ತಾವೇ ಒಳಗೆ ಹೋಗಿ ಹೊಲಿಗೆ ಬಿಡಿಸಿ, ಕಂಬಳಿಯನ್ನು ನೀಟಾಗಿ ಮಡಿಸಿ ತಂದು, ಎರಡೂ ಕೈಯಲ್ಲಿ ಕೊಟ್ಟರು. ಕಂಡಿಗೆ ಸರಿಯಾಗಿ ಅದರ ನಡುವೆ ಉದ್ದನೆಯ ತೂತಾಗಿತ್ತು. ಕತ್ತರಿಸಿದ ಪಟ್ಟಿಯೂ ಅವರ ಜೇಬಿನಲ್ಲಿತ್ತು. ಏನನ್ನೂ ಎಸೆಯುವವರಲ್ಲ ಅವರು.

"ಇದೂ ತೊಗೋ ತಾಯಿ. ಹೊಲಕೊಂಡ್ರ ಕೂಡತೈತಿ."

ಅಮರಮ್ಮ ಕಂಬಳಿಯನ್ನು ಎದುರಿಗೆ ಹಿಡಿದಳು. ತೂತಿನಲ್ಲಿ ಅವಳ ಕಣ್ಣುಗಳು ಕಂಡವು. ಲಾರಿಯ ಕಂಡಿಯ ಕಡೆ ನೋಡಿದಳು, ಸಾಯಣ್ಣನ ಕುರ್ಚಿಗೆ ಒರಗಿಸಿದ್ದ ಬಂದೂಕನ್ನು ನೋಡಿದಳು.

"ಕುರಿಗೂ ನಾವು ಇಷ್ಟು ದಪ್ಪ ಹೊದಸಂಗಿಲ್ರಿ, ಗುತ್ತೇದಾರ್ರ," ಎಂದಳು. "ಒಳಗಿರೋವು ಅಷ್ಟೊಂದು ಅಂಜುಬುರುಕ ಏನ್ರಿ?"

ಸಾಯಣ್ಣ ಜಗಿಯುವುದನ್ನು ನಿಲ್ಲಿಸಿದ. ನನ್ನ ಗಂಡ ಅಡಿಕೋಲು ತೆಗೆದುಕೊಂಡು ಬರಿಗೋಡೆಯನ್ನು ಅಳೆಯತೊಡಗಿದರು.

ಅಮರಮ್ಮನನ್ನು ನಾನು ಮನೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟೆ. ಅವಳು ಬಂಡಿಗೆ ಎತ್ತು ಹೂಡುವಾಗ, ನನ್ನ ತಾಯಿ ಹಳೆ ಸೀರೆಗಳಿಂದ ಹೊಲಿದಿದ್ದ ದಪ್ಪ ಕೌದಿಯನ್ನು ತಂದು ಅದರೊಳಗೆ ಹಾಕಿದೆ. ನನ್ನ ಗಂಡ ಮುಂದೆ ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಅವರು ಬಂದು ಕೈ ತೊಳೆಯುವ ಮೊದಲೇ ಕೇಳಿದರು.

"ನಿಮ್ಮವ್ವನ ಕೌದಿ ಎಲ್ಲೈತಿ? ಒಂದು ಮಗ್ಗಲು ಖಾಲಿ ಉಳದೈತಿ."

"ಮಾಗನೂರಿಗೆ ಹೊಂಟೈತಿ. ಅಮರಮ್ಮನ ಬಂಡ್ಯಾಗ."

"ಯಾಕ ಕೊಟ್ಟಿ?"

"ಬೇಕಂದ್ರ ನೀವೇ ಹೋಗಿ ಕೇಳ್ರಿ. ಲಾರಿ ಬ್ಯಾಡ, ನಡಕೋತ ಹೋಗ್ರಿ. ಆ ಮಂದಿ ಮುಖ ನೋಡಿ ಕೇಳ್ರಿ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳಗೆ ಏನೋ ಮಿಸುಕಾಡಿತೆಂದುಕೊಳ್ಳುತ್ತಿದ್ದೆ. ಗಡ್ಡ ಕೆರೆದುಕೊಂಡು ಯೋಚಿಸಿದರು.

"ಗೋಣಿಚೀಲ ನಡೀತಾವ," ಎಂದರು. "ನಾಲ್ಕು ಪದರ ಹಾಕಿದ್ರ ಕಂಬಳಿಗಿಂತ ಛಲೋ. ನಾಡದು ಹೊಂಡಬಹುದು. ರೊಟ್ಟಿ ಹಚ್ಚು."

"ಒಳಗ ಕುಂತು ಗುಂಡು ಹೊಡೀತಾರ್ರಿ."

"ನಾ ಹೊಡ್ಯಾಂವಲ್ಲ. ನಾ ಬರೇ ಗ್ವಾಡಿ ಕಟ್ಟೀನಿ."

ಒಲೆಯ ಮೇಲಿನ ಹಂಚು ಇಳಿಸಿ ಬೆಂಕಿಗೆ ನೀರು ಚಿಮುಕಿಸಿದೆ. ಹೊಗೆ ಅವರ ಮುಖಕ್ಕೇ ಹೋಯಿತು. ಅಮರಮ್ಮನ ಬಂಡಿ ಇನ್ನೂ ಸಂತೆ ಬಯಲು ದಾಟಿರಲಿಲ್ಲ, ಗೆಜ್ಜೆ ಕೇಳುತ್ತಿತ್ತು. ಗೂಟದಿಂದ ಸೆರಗಿನ ಮೇಲೆ ಹೊದೆಯುವ ಶಾಲು ತೆಗೆದುಕೊಂಡೆ.

"ಎಲ್ಲಿಗೆ?"

"ಮಾಗನೂರಿಗೆ. ನಾಡದು ನಿಮ್ಮ ಲಾರಿ ಬರೂ ತನಕ ಅಲ್ಲೇ ಇರತೀನಿ. ಹಾದೀ ನಡುವ ನಿಂದ್ರತೀನಿ."

"ಹುಚ್ಚೇನ ನಿನಗ? ಬಂದೂಕಿನವರಿಗೆ ನೀ ಯಾರಂತ ಹ್ಯಾಂಗ ಗೊತ್ತಾಗಬೇಕು?"

"ನೀವೂ ಒಳಗ ಕುಂತು ಬರ್ರಿ," ಎಂದೆ. "ಕಂಡ್ಯಾಗಿಂದ ನೋಡ್ರಿ. ಕತ್ತು ಬಗ್ಗಿಸಂಗಿಲ್ಲ ನಾ. ಕಂಡಿ ಎತ್ತರ ನನ್ನದೇ ಐತಿ, ನೀವೇ ಅಳದೀರಿ."

ಮೊದಲ ಬಾರಿಗೆ ಅವರು ತಮ್ಮ ಕೈಗಳನ್ನು ನೋಡಿಕೊಂಡರು. ನಾನು ಹೊಸ್ತಿಲು ದಾಟಿದೆ. ಅಂಗಳದ ಗಾಳಿಯಲ್ಲಿ ಅದೇ ಹುಳಿ ನಾತವಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಗೆಜ್ಜೆ ಕೇಳಿದ ಕಡೆಗೆ ಬೇಗ ಬೇಗ ನಡೆದೆ.